ಬಾಯಲ್ಲಿ ಹಾಕಿದ ಚಿಲಕ

ಅಕ್ಕ ತೀರಿಕೊಂಡ ಸುದ್ದಿ ಬಂದ ದಿನ ಮೇಷ್ಟ್ರು ತರಬೇತಿ ಕೋಣೆಯಲ್ಲಿ ರಬ್ಬರ್ ಬೊಂಬೆಯ ಎದೆಯ ಮೇಲೆ ಎರಡೂ ಕೈಯಿಟ್ಟು ಬಗ್ಗಿದ್ದರು. ಆಂಬ್ಯುಲೆನ್ಸಿನ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂತು ಹೋಗುವ ಪ್ಯಾರಾಮೆಡಿಕ್ ಕೆಲಸವನ್ನು ಹರೆಯವೆಲ್ಲ ಮಾಡಿ, ಮಂಡಿ ಸೋತ ಮೇಲೆ ಅದನ್ನೇ ಬೇರೆಯವರಿಗೆ ಕಲಿಸುತ್ತ ಬಂದವರು ಅವರು. ಊರಿನ ಗಾಡಿಗಳಲ್ಲಿ ಅವರ ಕೈಕೆಳಗೆ ಕಲಿಯದವರು ಇಲ್ಲವೆಂದೇ ಹೇಳಬೇಕು. "ಒತ್ತೋದು ಯಾರಿಗಾದ್ರೂ ಬರುತ್ತೆ. ಬಿಡೋದು ಕಲೀರಿ. ಬಿಟ್ಟರೇ ಎದೆ ತುಂಬೋದು," ಎನ್ನುತ್ತಿದ್ದಾಗ ಕಿಸೆಯಲ್ಲಿ ಫೋನು ಅದುರಿತು. ಅಕ್ಕನ ಮಗ. "ಮಾವ, ಅಮ್ಮ ಹೋಗ್ಬಿಟ್ರು," ಎಂದ. ಮೇಷ್ಟ್ರ ಬಾಯಿಂದ ಅಯ್ಯೋ ಎಂಬ ಮಾತು ಹೊರಡಲಿಲ್ಲ. ಕಸುಬಿನ ಪ್ರಶ್ನೆ ಹೊರಟಿತು. "ಎಲ್ಲಿ? ಮನೇಲೋ, ಗಾಡೀಲೋ?" "ಗಾಡೀಲೇ ಮಾವ. ಬೆಳಿಗ್ಗೆಯಿಂದ ದಮ್ಮು ಜಾಸ್ತಿ ಆಗಿತ್ತು, ಗಾಡಿ ಕರೆಸಿದ್ವಿ. ಆಸ್ಪತ್ರೆ ಬಾಗಿಲಲ್ಲಿ ಡಾಕ್ಟರು ನೋಡಿ ಇಲ್ಲ ಅಂದ್ರು." ಹುಡುಗ ಅಳುತ್ತಿದ್ದ. ಅಳುತ್ತಲೇ, ಮಾವನಿಗೆ ಸಮಾಧಾನವಾಗಲೆಂದು ಹೇಳುವವನಂತೆ ಹೇಳಿದ: "ನಿಮ್ಮ ಶಿಷ್ಯೇನೇ ಬಂದಿದ್ಲು ಮಾವ. ಮುಂಗೈ ಮೇಲೆ ಸುಟ್ಟ ಕಲೆ ಇದೆಯಲ್ಲ, ಆಕೆ. ನಮ್ಮ ಮಾವ ಇಂಥವರು ಅಂದೆ. ಹೆದರಬೇಡಿ ಅಣ್ಣ, ನಾನು ಮೇಷ್ಟ್ರ ಕೈಯಲ್ಲೇ ಕಲಿತವಳು ಅಂದ್ಲು. ಎಷ್ಟು ಧೈರ್ಯ ಬಂತು ಗೊತ್ತಾ ನಮಗೆ? ಪಾಪ, ಏನೂ ಕಮ್ಮಿ ಮಾಡಲಿಲ್ಲ. ಅಮ್ಮಾನೇ ಮಾಸ್ಕು ಕಿತ್ತು ಕಿತ್ತು ಹಾಕ್ತಿದ್ರು. ಸಿಲಿಂಡರಿನ ಮುಳ್ಳು ತುಂಬಿದೆ ಅಂತ ತೋರಿಸ್ತಿದೆ ಅಮ್ಮ, ಆಮ್ಲಜನಕ ಬರ್ತಾ ಇದೆ, ನಿಧಾನಕ್ಕೆ ತಗೊಳ್ಳಿ ಅಂತ ಮತ್ತೆ ಮತ್ತೆ ಇಡ್ತಾ ಇದ್ಲು." ಮೇಷ್ಟ್ರು, "ಮಾಸ್ಕಿನ ಕೆಳಗೆ ಒಂದು ಚೀಲ ಇರುತ್ತಲ್ಲ," ಎಂದು ಶುರುಮಾಡಿದರು. "ಚೀಲವಾ? ಚಳಿ ಅಂದ್ರು ಅಂತ ಕತ್ತಿನವರೆಗೂ ಕಂಬಳಿ ಹೊದಿಸಿದ್ವಿ ಮಾವ. ಯಾಕೆ?" "ಏನಿಲ್ಲ. ಬಂದೆ," ಎಂದು ಫೋನು ಇಟ್ಟರು. ಕಲಿಯುವವರು ಅವರ ಮುಖ ನೋಡುತ್ತಿದ್ದರು. ಒಂದು ಕೈ ಬೊಂಬೆಯ ಎದೆಯನ್ನು ಒತ್ತಿ ಹಿಡಿದಿದೆಯೆಂದು, ಅದನ್ನು ತಾವು ಬಿಟ್ಟೇ ಇಲ್ಲವೆಂದು ಅವರಿಗೆ ಆಮೇಲೆ ತಿಳಿಯಿತು.

ಆವತ್ತಿನಿಂದ ಅವರಿಗೆ ಹಿಡಿದದ್ದು ದುಃಖವಲ್ಲ, ಹೆದರಿಕೆ. ಇದೇ ಅವರಿಗೆ ನಾಚಿಕೆಯಾಗಿತ್ತು. ತಾಯಿಯಿಲ್ಲದ ತನ್ನನ್ನು ಎತ್ತಿ ಆಡಿಸಿ ಮನುಷ್ಯನನ್ನಾಗಿ ಮಾಡಿದವಳು ಹೋದಳು. ಕೂತು ಒಂದು ಗಳಿಗೆ ಅಳೋಣವೆಂದರೆ ಅಳು ಬರಬೇಕಾದ ಜಾಗದಲ್ಲಿ ಆ ಮುಳ್ಳು ನಿಂತಿತ್ತು. ಸಾವಿನ ಮನೆಯಲ್ಲಿ ಅವರು ಗೋಡೆಗೆ ಒರಗಿ ಕೂತಿರುವಾಗ ಅಕ್ಕನ ಮಗ ಬಂದವರಿಗೆಲ್ಲ ಅದೇ ಕಥೆ ಹೇಳುತ್ತಿದ್ದ. ಮಾವನ ಶಿಷ್ಯೆ, ಮುಳ್ಳು ತುಂಬಿತ್ತು, ಅಮ್ಮ ಕಿತ್ತು ಹಾಕಿದರು. ಬಂದವರು, "ಆಯಸ್ಸು ಮುಗಿದ ಮೇಲೆ ಯಾರೇನು ಮಾಡಕ್ಕಾಗುತ್ತೆ," ಎನ್ನುತ್ತಿದ್ದರು. ಮೇಷ್ಟ್ರ ಕಡೆ ತಿರುಗಿ, "ನಿಮ್ಮವರೇ ಜೊತೇಲಿದ್ರಲ್ಲ, ಅದೊಂದು ಪುಣ್ಯ," ಎನ್ನುತ್ತಿದ್ದರು. ಮೇಷ್ಟ್ರು ತಲೆಯಾಡಿಸುತ್ತಿದ್ದರು. ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು, ಸಿಲಿಂಡರಿನ ಅಳತೆಯ ಮುಳ್ಳು ಒಂದೊಂದು ಸಲ ಸುಳ್ಳು ಹೇಳುತ್ತದೆ ಎಂದು. ಸಿಲಿಂಡರಿನ ತಲೆಯ ಮೇಲೆ ಒಂದು ಕೀಲಿ. ಅದನ್ನು ತಿರುಗಿಸಿದರೆ ಮಾತ್ರ ಒಳಗಿನ ಗಾಳಿ ಹೊರಗೆ ಬರುವುದು. ಹಿಂದಿನ ಪಾಳಿಯವರು ಆ ಕೀಲಿಯನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ಗಾಳಿಯನ್ನು ಬಿಡದೆ ಹೋದರೆ, ಮುಳ್ಳು ತುಂಬಿದೆಯೆಂಬ ಕಡೆಗೇ ಕೈತೋರಿಸಿಕೊಂಡು ನಿಂತಿರುತ್ತದೆ. ಆ ಉಳಿದದ್ದು ನಾಲ್ಕಾರು ಉಸಿರಿಗೆ ಸಾಲದು. ಆಮೇಲೆ ಮುಳ್ಳು ಬಿದ್ದು ಮಾಸ್ಕಿನ ಚೀಲ ಬತ್ತುತ್ತದೆ, ಆದರೆ ಒಮ್ಮೆ ನೋಡಿದವರು ಅತ್ತ ಮತ್ತೆ ತಿರುಗುವುದಿಲ್ಲ. ಬತ್ತಿದ ಚೀಲದ ಮಾಸ್ಕನ್ನು ಮೂಗಿಗೆ ಒತ್ತಿ ಹಿಡಿಯುವುದೂ ಅಂಗೈ ಒತ್ತಿ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ. ಆದರೆ ದಮ್ಮು ಹತ್ತಿದವರು ಗಾಳಿ ಚೆನ್ನಾಗಿ ಬರುತ್ತಿದ್ದರೂ ಮಾಸ್ಕು ಕೀಳುತ್ತಾರೆ. ಅದನ್ನು ಅವರು ತಮ್ಮ ಕಣ್ಣಿಂದ ಎಷ್ಟೋ ಸಲ ಕಂಡಿದ್ದಾರೆ. ಹಾಗಾದರೆ ಅಕ್ಕ ಕಿತ್ತದ್ದು ಯಾವುದು? ಆ ಶಿಷ್ಯೆ ಕೀಲಿ ತಿರುಗಿಸಿದ್ದಳೋ, ಬರಿಯ ಮುಳ್ಳು ನೋಡಿದ್ದಳೋ? ಒಂದು ಫೋನು ಮಾಡಿ ಕೇಳಿದರೆ ಮುಗಿಯುವ ಮಾತು. ಕೇಳುವುದಕ್ಕೆ ಅವರ ಕೈ ಏಳಲಿಲ್ಲ. ರಸ್ತೆಯಲ್ಲಿ ಗಾಡಿಯ ಕೂಗು ಕೇಳಿದರೆ ಸಾಕು, ಎಲ್ಲಿದ್ದರೂ ನಿಂತುಬಿಡುತ್ತಿದ್ದರು. ಮೊದಲೆಲ್ಲ ಆ ಕೂಗು ಕೇಳಿದಾಗ, ಹೋಗಿ ಬಾ ಮಗು, ಎಂದು ಮನಸ್ಸಿನಲ್ಲೇ ಹರಸುತ್ತಿದ್ದ ಮನುಷ್ಯ. ಈಗ ಅದರೊಳಗೆ ಯಾರು ಕೂತಿದ್ದಾರೆ, ಅವನ ಕೈ ಎಲ್ಲಿದೆ ಎಂದು ಮೈ ತಣ್ಣಗಾಗುತ್ತಿತ್ತು.

ಏಕೆಂದರೆ ಕೀಲಿಯನ್ನು ತಿರುಗಿಸದೆ ತಿರುಗಿಸಿದೆ ಎನ್ನುವುದನ್ನು ಆ ಊರಿಗೆ ಕಲಿಸಿದವರು ಅವರೇ. ಲೈಸೆನ್ಸು ಕೊಡುವ ಪರೀಕ್ಷೆಗೂ, ಕೆಲವು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡುವ ಪರೀಕ್ಷೆಗೂ ಬೊಂಬೆಯ ಪಕ್ಕ ಒಂದು ಸಿಲಿಂಡರ್ ಇಡುತ್ತಾರೆ. ಬಹಳ ಹಿಂದೆ ಅದು ತುಂಬಿದ ಸಿಲಿಂಡರೇ ಆಗಿತ್ತು. ಒಮ್ಮೆ ಒಬ್ಬ ಅವಸರದಲ್ಲಿ ತಿರುಗಿಸಿ ಅದು ಬುಸ್ಸೆಂದು, ಇನ್ನೊಬ್ಬ ಹೆದರಿ ಬಾಗಿಲಿಗೆ ಓಡಿ, ಪರೀಕ್ಷೆ ನಿಂತುಹೋಯಿತು. ಜನವೂ ಹೆಚ್ಚು, ಹೊತ್ತೂ ಕಡಿಮೆ. ಆಗ ಮೇಷ್ಟ್ರೇ ಹೇಳಿದರು: "ಖಾಲಿ ಸಿಲಿಂಡರ್ ಇಡಿ. ಕೀಲಿ ತೋರಿಸಿ ಬಾಯಲ್ಲಿ ಹೇಳಿದ್ರೆ ಸಾಕು. ಗೊತ್ತಿದೆಯೋ ಇಲ್ವೋ ನೋಡೋದು ತಾನೇ ನಮ್ಮ ಕೆಲಸ?" ಅಲ್ಲಿಂದ ಮುಂದೆ ಎಲ್ಲರೂ ಬೆರಳು ತೋರಿಸಿದರು, ಎಲ್ಲರೂ ಹೇಳಿದರು. ಕೀಲಿ ತಿರುಗಿಸಿದೆ, ಮುಳ್ಳು ನೋಡಿದೆ, ತುಂಬಿದೆ. ಒಂದು ಮಂತ್ರದ ಹಾಗೆ. ಮೇಷ್ಟ್ರು ಸಹಿ ಹಾಕಿದರು. ಹೆದರಿಕೆ ಹತ್ತಿದಾಗ ಮನುಷ್ಯ ತನಗೆ ಗೊತ್ತಿರುವುದನ್ನು ಮಾಡುವುದಿಲ್ಲ, ಕೈಗೆ ರೂಢಿಯಾದದ್ದನ್ನು ಮಾಡುತ್ತಾನೆ. ಇದನ್ನೂ ಅವರೇ ಪಾಠದಲ್ಲಿ ಹೇಳುತ್ತಿದ್ದರು. ಎರಡು ಮಾತನ್ನೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಒಂದಕ್ಕೊಂದು ತಾಗಿದ್ದು ಈಗ.

ಅಕ್ಕ ಇದನ್ನು ಅವರಿಗಿಂತ ಮೊದಲೇ ಕಂಡುಹಿಡಿದಿದ್ದಳು. ಚಿಕ್ಕವರಿದ್ದಾಗ ಬಾಗಿಲಿಗೆ ಚಿಲಕ ಹಾಕುವುದು ಅವರ ಪಾಲಿನ ಕೆಲಸ. ಹಾಸಿಗೆಯಲ್ಲಿ ಬೆಚ್ಚಗೆ ಮಲಗಿಕೊಂಡು, ಅವಳು "ಚಿಲಕ ಹಾಕಿದ್ಯೇನೋ?" ಎಂದು ಕೂಗಿದರೆ, "ಹಾಕ್ದೆ," ಎಂದು ಮುಸುಕಿನೊಳಗಿಂದಲೇ ಹೇಳುತ್ತಿದ್ದರು. ಅವಳು ಎದ್ದು ಹೋಗಿ ನೋಡುವಳು. ಬಾಗಿಲು ಗಾಳಿಗೆ ಆಡುತ್ತಿರುವುದು. "ನಿಂದು ಬಾಯಲ್ಲಿ ಹಾಕೋ ಚಿಲಕ ಕಣೋ. ಕಳ್ಳ ಬಂದ್ರೆ ಅವನಿಗೂ ಬಾಯಲ್ಲೇ ಹೇಳು, ಹಾಕಿದೆ ಹೋಗಪ್ಪ ಅಂತ," ಎಂದು ನಗುವಳು. ದೊಡ್ಡವರಾದ ಮೇಲೂ ಅದು ಹೋಗಲಿಲ್ಲ. ಊಟಕ್ಕೆ ಬರ್ತೀನಿ ಅಕ್ಕ ಎಂದು ಫೋನಿನಲ್ಲಿ ಹೇಳಿದರೆ, "ಇದು ಬಾಯಿ ಚಿಲಕಾನೋ, ಕೈ ಚಿಲಕಾನೋ?" ಎಂದು ಕೇಳುತ್ತಿದ್ದಳು. ಅವಳದು ಎಲ್ಲವೂ ಮುಟ್ಟಿ ನೋಡುವ ಲೆಕ್ಕ. ಚಿಕ್ಕಂದಿನಲ್ಲಿ ದಮ್ಮಿದ್ದದ್ದು ಇವರಿಗೆ. ಬೆನ್ನಿಗೆ ದಿಂಬು ಕೊಟ್ಟು, ಕಿಟಕಿಯ ಕಡೆ ಮುಖಮಾಡಿ ಕೂರಿಸಿ, "ಮೊದಲು ಬಿಡು, ಆಮೇಲೆ ತಗೋ. ಇರೋದನ್ನ ಬಿಡದೇ ಹೊಸದು ಎಲ್ಲಿಂದ ಬರುತ್ತೆ?" ಎಂದು ಬೆನ್ನು ಸವರುವಳು. ಬಿಸಿ ಹಾಲಿನ ಲೋಟವನ್ನು ತಮ್ಮನ ಕೈಗೆ ಕೊಡುವ ಮೊದಲು ತನ್ನ ಕೆನ್ನೆಗೆ ಹಿಡಿದು ನೋಡುವಳು. ಯಾವಾಗಲೂ ಎಡಗೆನ್ನೆಗೆ. ಒಂದು ಗಳಿಗೆ ಕಣ್ಣು ಮುಚ್ಚಿ, ಒಳಗೆ ಏನೋ ಕೇಳಿಸಿಕೊಳ್ಳುವವಳ ಹಾಗೆ. ಆಮೇಲೆ, "ಹೂಂ, ಕುಡಿ." ಆ ದಮ್ಮು ಇವರನ್ನು ಬಿಟ್ಟುಹೋಗಿ ಮುಪ್ಪಿನಲ್ಲಿ ಅವಳನ್ನು ಹುಡುಕಿಕೊಂಡು ಹೋಯಿತು. ಅವಳ ಮೂಗಿಗೆ ಮಾಸ್ಕು ಇಡುವಾಗ ಅದನ್ನು ಮೊದಲು ತನ್ನ ಕೆನ್ನೆಗೆ ಹಿಡಿದು ನೋಡುವವರು ಯಾರೂ ಇರಲಿಲ್ಲ.

ಲೈಸೆನ್ಸು ಹೊಸದು ಮಾಡುವ ಪರೀಕ್ಷೆಯ ದಿನ ಬೆಳಿಗ್ಗೆ ಮೇಷ್ಟ್ರು ದೇವರ ಮುಂದೆ ಕೂತು ಎದ್ದರು. ಏನು ಬೇಡಬೇಕೆಂದು ತೋಚಲಿಲ್ಲ. ಬರುವವರ ಹೆಸರು ಹಿಂದಿನ ದಿನವೇ ಕೈಸೇರಿತ್ತು. ಸುಟ್ಟ ಕಲೆಯವಳೂ ಅದರಲ್ಲಿದ್ದಳು. ಇವತ್ತು ಸಹಿ ಆಗದಿದ್ದರೆ ಅವಳು ಗಾಡಿಯ ಹಿಂದೆ ಕೂರುವಂತಿಲ್ಲ. ಸ್ಟ್ರೆಚರ್ ಹೊರಬಹುದು, ನೆಲ ಒರೆಸಬಹುದು, ರೋಗಿಯನ್ನು ಮುಟ್ಟುವಂತಿಲ್ಲ. ಮನೆಯಾಕೆ ಅಂಗಿ ತಂದುಕೊಡುತ್ತ, "ಇವತ್ತೇ ಹೋಗಬೇಕಾ? ಬೇರೆಯವರಿಲ್ವಾ?" ಎಂದಳು. "ನಾನು ಹೋಗದಿದ್ರೆ ಎಲ್ಲರದ್ದೂ ನಿಂತುಹೋಗುತ್ತೆ." "ನಿಮ್ಮ ಮುಖ ನೋಡಿದ್ರೆ ನೀವೇ ಪರೀಕ್ಷೆಗೆ ಹೋಗೋ ಹಾಗಿದೆ." ಅವಳು ನಗಿಸಲೆಂದು ಹೇಳಿದ್ದು. ಮೇಷ್ಟ್ರು ನಗಲಿಲ್ಲ. ಚಪ್ಪಲಿ ಮೆಟ್ಟಿ ಬೀದಿಗಿಳಿದವರು, ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದು ಗೇಟಿನ ಅಗುಳಿಯನ್ನು ಎಳೆದು ನೋಡಿದರು. ಮತ್ತೆ ತಿರುವಿನವರೆಗೆ ಹೋಗಿ ಮತ್ತೆ ಬಂದರು. ಕಿಟಕಿಯಿಂದ, "ಹಾಕಿದೆ ಕಣ್ರೀ, ನಾನು ನೋಡಿದೀನಿ," ಎಂದು ಮನೆಯಾಕೆ ಕೂಗಿದಳು. "ನೋಡಿದ್ದು ಸಾಲದು," ಎಂದು ಮೇಷ್ಟ್ರು ತಮಗೇ ಹೇಳಿಕೊಂಡರು. ದಾರಿಯಲ್ಲಿ ಕಾಲು ಎಳೆಯುತ್ತಿತ್ತು. ಅವರ ಹೆದರಿಕೆಯ ತಳದಲ್ಲಿ ಇನ್ನೊಂದು ಇತ್ತು, ಅದನ್ನು ಅವರು ನೇರವಾಗಿ ನೋಡಿರಲಿಲ್ಲ. ಅವಳು ಇವತ್ತು ಬೆರಳು ತೋರಿಸಿ ಬಾಯಲ್ಲಿ ಹೇಳಿದರೆ, ಆಗ ಅಕ್ಕ ಹೋದದ್ದು ಹೇಗೆಂದು ಗೊತ್ತಾಗುತ್ತದೆ. ಕೂಡಲೇ ಅವಳ ಲೈಸೆನ್ಸು ನಿಲ್ಲಿಸಬಹುದು. ಶಿಸ್ತು ಎಂದು ಜನ ಮೆಚ್ಚುತ್ತಾರೆ. ಅದು ಸೇಡು ಎಂದು ಒಬ್ಬರಿಗೂ ತಿಳಿಯುವುದಿಲ್ಲ. ತಪ್ಪು ಅವಳ ಕೊರಳಿಗೆ ಬಿದ್ದು ತಾನು ಹಗುರಾಗಿ ಮನೆಗೆ ಬರಬಹುದು. ಈ ಯೋಚನೆ ಎಷ್ಟು ಅಚ್ಚುಕಟ್ಟಾಗಿ ಬಂದು ಕೂತಿತೆಂದರೆ ಮೇಷ್ಟ್ರು ರಸ್ತೆಯ ಮಧ್ಯದಲ್ಲಿ ನಿಂತು, ದೇವರೇ, ಎಂದರು. ಹಿಂದಿನಿಂದ ಯಾರೋ ಸೈಕಲ್ಲಿನ ಗಂಟೆ ಬಾರಿಸಿ, "ತಾತ, ಪಕ್ಕಕ್ಕೆ," ಎಂದು ಬೈದುಕೊಂಡು ಹೋದರು.

ಉಗ್ರಾಣ ನೋಡಿಕೊಳ್ಳುವವನು ಬಾಗಿಲಲ್ಲೇ ಕೂತು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಿದ್ದ. "ಬೊಂಬೆ ಒರೆಸಿ ಮಲಗಿಸಿದೀನಿ ಮೇಷ್ಟ್ರೇ. ಖಾಲಿ ಸಿಲಿಂಡರ್ ಪಕ್ಕದಲ್ಲೇ ಇದೆ," ಎಂದ. "ತುಂಬಿದ್ದು ಒಂದು ಕೊಡು." ಅವನಿಗೆ ಅರ್ಥವಾಗಲಿಲ್ಲ. "ಬೊಂಬೆಗಾ?" "ಹೂಂ." "ಮೇಷ್ಟ್ರೇ, ಅದರ ಎದೆಗೂಡೇ ಸ್ಪ್ರಿಂಗು. ಅದಕ್ಕೆ ನಿಜವಾದ ಗಾಳಿ ಯಾಕೆ? ನಾಳೆ ಎದ್ದು ಕೂತು ಟೀ ಕೇಳಿದ್ರೆ ಯಾರು ಜವಾಬ್ದಾರಿ?" "ಕೊಡಯ್ಯ." ಅವರ ದನಿ ಕೇಳಿ ಅವನು ಕಡ್ಡಿ ಬಿಸಾಕಿ ಎದ್ದ. ಮೇಷ್ಟ್ರು ಆ ಭಾರವನ್ನು ತಾವೇ ತಬ್ಬಿಕೊಂಡು ಒಳಗೆ ತಂದು ಬೊಂಬೆಯ ತಲೆಯ ಹತ್ತಿರ ನಿಲ್ಲಿಸಿದರು. ಬಾಗಿಲು ಮುಚ್ಚಿದರು. ಕೀಲಿ ತಿರುಗಿಸಿದರು, ಮುಳ್ಳು ಸರ್ರನೆ ಏರಿ ತುದಿಯಲ್ಲಿ ನಿಂತಿತು. ಮತ್ತೆ ಕೀಲಿಯನ್ನು ಬಿಗಿಯಾಗಿ ಮುಚ್ಚಿದರು. ಕೊಳವೆಯ ಗಾಳಿಯನ್ನು ಬಿಡಲಿಲ್ಲ. ಮುಳ್ಳು ಅಲ್ಲಾಡಲಿಲ್ಲ. ತುಂಬಿದೆ, ಎನ್ನುತ್ತ ನಿಂತಿತು. ಆವತ್ತು ಅಕ್ಕನ ತಲೆಯ ಹತ್ತಿರ ಹೀಗೆಯೇ ನಿಂತಿತ್ತೋ ಏನೋ. ಇಲಿಗೆ ಬೋನು ಇಟ್ಟವರ ಹಾಗೆ ಕುರ್ಚಿಯಲ್ಲಿ ಕೂತು, ಮೊದಲನೆಯವನನ್ನು ಕರೆದರು.

ಮೊದಲು ಬಂದವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಾರೆ. ಹಳಬ, ಧೈರ್ಯವಂತ, ಬಾವಿಗೆ ಬಿದ್ದವರನ್ನು ಹಗ್ಗ ಕಟ್ಟಿಕೊಂಡು ಇಳಿದು ಎತ್ತಿದವನು. ಕಲಿಯುವವರೆಲ್ಲ ಆ ಬೊಂಬೆಯನ್ನು ಭಾವ ಎನ್ನುತ್ತಾರೆ. ಎಷ್ಟು ಗುದ್ದಿದರೂ ಎದುರು ಮಾತಾಡದವನು ಭಾವನೊಬ್ಬನೇ ಎಂದು. "ಏನು ಭಾವ, ಮತ್ತೆ ಉಸಿರು ನಿಲ್ಲಿಸಿಕೊಂಡ್ಯಾ? ನಿಂಗೆ ಬೇರೆ ಕೆಲಸ ಇಲ್ವಾ?" ಎಂದು ಮೀಸೆ ಮಂಡಿಯೂರಿದ. ಹೊರಗೆ ಕಾಯುವವರು ನಕ್ಕರು. ಅವನ ಕೈ ಚುರುಕಾಗಿ ಓಡಿತು. ಕೊರಳು ಎತ್ತಿದ, ಬಾಯಿ ನೋಡಿದ, ನಾಡಿ ಹಿಡಿದ. ಆಮೇಲೆ ಬೆರಳು ಸಿಲಿಂಡರಿನ ಕಡೆ ಹೋಯಿತು. ಮುಟ್ಟಲಿಲ್ಲ. "ಕೀಲಿ ತಿರುಗಿಸಿದೆ, ಮುಳ್ಳು ನೋಡಿದೆ, ತುಂಬಿದೆ," ಎಂದು ಮಾಸ್ಕನ್ನು ಭಾವನ ಮುಖಕ್ಕೆ ಇಟ್ಟು ಲಾಡಿ ಎಳೆದ. ಚೀಲ ಒಂದು ಸಲ ಉಸಿರೆಳೆದ ಹಾಗೆ ಉಬ್ಬಿ ಹಾಗೇ ಇಳಿಯಿತು. ಮುಳ್ಳು ಬುಡಕ್ಕೆ ಬಿತ್ತು. ಮೀಸೆ ಆಗಲೇ ಮುಂದಿನ ಕೆಲಸಕ್ಕೆ ಹೋಗಿದ್ದ. ಮುಗಿಸಿ ಎದ್ದು, "ಬದುಕಿಕೊಂಡ ಮೇಷ್ಟ್ರೇ," ಎಂದ. ಮೇಷ್ಟ್ರು, "ಹೂಂ. ಹೊರಗಿರಿ," ಎಂದರು. ಸಹಿ ಹಾಕಲಿಲ್ಲ. ಅವನು ಹೋದ ಮೇಲೆ ಮುಳ್ಳನ್ನು ಮತ್ತೆ ಏರಿಸಿ ಮತ್ತೆ ಮುಚ್ಚಿದರು. ಎರಡನೆಯವನು ಬಂದ. ಬೆರಳು ತೋರಿಸಿದ, ಹೇಳಿದ. ಆಮೇಲೆ ಬಂದ ಹೆಂಗಸು ಎರಡು ಮಕ್ಕಳ ತಾಯಿ, ಒಂದು ಲೋಟವನ್ನೂ ಎರಡು ಸಲ ತೊಳೆಯುವವಳು. ಅವಳೂ ಬೆರಳು ತೋರಿಸಿದಳು, ಹೇಳಿದಳು. ಬಂದವರೆಲ್ಲರೂ ಹೇಳಿದರು. ಒಬ್ಬೊಬ್ಬರ ಕೊರಳು ಬೇರೆ, ಮಾತು ಒಂದೇ. ತಿರುಗಿಸಿದೆ, ನೋಡಿದೆ, ತುಂಬಿದೆ. ಆ ಏರಿಳಿತ ಯಾರದೆಂದು ಮೇಷ್ಟ್ರಿಗೆ ತಿಳಿಯಿತು. ತಮ್ಮದೇ ದನಿ ಅಷ್ಟು ಬಾಯಿಗಳಿಂದ ತಿರುಗಿ ಬರುತ್ತಿತ್ತು. ಇಷ್ಟು ಜನ ದಿನಾ ಈ ಊರಿನ ಬೀದಿಗಳಲ್ಲಿ ಕೂಗು ಹಾಕಿಕೊಂಡು ಓಡುತ್ತಾರೆ. ಗಾಡಿಯಲ್ಲಿ ಹಿಂದಿನ ಪಾಳಿಯವರು ಕೀಲಿ ತೆರೆದೇ ಬಿಟ್ಟು ಹೋದ ದಿನ ರೋಗಿ ಬದುಕುತ್ತಾನೆ, ಇವರಿಗೆ ಹೆಸರು ಬರುತ್ತದೆ. ಮುಚ್ಚಿ ಹೋದ ದಿನ? ಆಯಸ್ಸು ಮುಗಿದಿತ್ತು ಎನ್ನುತ್ತಾರೆ. ಸಾವಿನ ಮನೆಯಲ್ಲಿ ಕೂತು ತಾವು ಕೇಳಿದ ಮಾತು ಇನ್ನೆಷ್ಟು ಮನೆಗಳಲ್ಲಿ ಕೇಳಿಸಿತ್ತೋ ಎಂದುಕೊಂಡಾಗ ಅವರಿಗೆ ಕೋಣೆಯ ಗೋಡೆಗಳು ಹತ್ತಿರ ಬಂದ ಹಾಗಾಯಿತು. ಚಿಕ್ಕಂದಿನ ದಮ್ಮು ಎದೆಯ ಮೂಲೆಯಲ್ಲಿ ಎಲ್ಲೋ ಸಣ್ಣಗೆ ಸಿಳ್ಳೆ ಹಾಕಿತು. ಎದ್ದು ಕಿಟಕಿ ತೆರೆದರು. ಮೊದಲು ಬಿಡು, ಆಮೇಲೆ ತಗೋ.

ಕೊನೆಯವಳಾಗಿ ಅವಳು ಬಂದಳು. ಬೇಕೆಂದೇ ಕೊನೆಗೆ ನಿಂತಿದ್ದಳೋ ಏನೋ. ಬಾಗಿಲಲ್ಲಿ ನಿಂತು, "ಬರಲಾ ಮೇಷ್ಟ್ರೇ?" ಎಂದಳು. ಇಳಿದುಹೋಗಿದ್ದಳು. ಮೊದಲೆಲ್ಲ ಬಾಯಿ ತುಂಬ ಮಾತಾಡುತ್ತಿದ್ದ ಹುಡುಗಿ. ಮುಂಗೈಯ ಕಲೆ ಹೇಗಾಯಿತೆಂದು ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳಿ ನಗಿಸುತ್ತಿದ್ದವಳು. ಈಗ ಕಣ್ಣು ನೆಲದ ಮೇಲೆ. ಅವಳಿಗೆ ತಮ್ಮ ಮೇಲೆ ಹೆದರಿಕೆ ಇದೆಯೆಂದು ಮೇಷ್ಟ್ರು ಕಂಡರು. ತಮಗೆ ಅವಳ ಮೇಲಿರುವ ಹೆದರಿಕೆ ಅವಳಿಗೆ ಕಂಡೀತೆಂದು ಮುಖ ತಿರುಗಿಸಿದರು. "ಶುರು ಮಾಡು," ಎಂದರು. ಅವಳು ಭಾವನ ಪಕ್ಕ ಮಂಡಿಯೂರಿದಳು. ತಿರುಗಿಸದಿರಲಿ ಎಂದೂ, ದೇವರೇ, ತಿರುಗಿಸಲಿ ಎಂದೂ ಮೇಷ್ಟ್ರು ಒಂದೇ ಉಸಿರಿನಲ್ಲಿ ಬೇಡಿಕೊಂಡರು. ಯಾವುದನ್ನು ದೇವರು ಕೇಳಿಸಿಕೊಳ್ಳಬೇಕೆಂದು ಅವರಿಗೇ ಗೊತ್ತಿರಲಿಲ್ಲ. ಕೊರಳು ಎತ್ತಿದಳು. ಬಾಯಿ ನೋಡಿದಳು. ನಾಡಿ ಹಿಡಿದಳು. ಆಮೇಲೆ ಅವಳ ಕೈ ಸಿಲಿಂಡರಿನ ಕಡೆ ಹೋಗಿ, ಅರ್ಧ ದಾರಿಯಲ್ಲಿ ನಿಂತಿತು. ಅವಳು ಮುಳ್ಳನ್ನು ನೋಡಲೇ ಇಲ್ಲ. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಆ ಮುಳ್ಳಿನ ಕಡೆ ತಿರುಗಿಯೂ ನೋಡದೆ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿದಳು. ಅದು ಬಿಗಿಯಾಗಿತ್ತು, ಮೇಷ್ಟ್ರು ಅಷ್ಟು ಬಿಗಿಯಾಗಿ ಮುಚ್ಚಿದ್ದರು. ಅವಳ ಮುಂಗೈಯ ಕಲೆ ಬಿಳಿಚಿತು. ಹಿಸ್ಸೆಂದಿತು. ಕಿವಿ ಹತ್ತಿರ ಇಟ್ಟು ಕೇಳಿದಳು. ಮಾಸ್ಕು ಎತ್ತಿಕೊಂಡು ಚೀಲ ಪೂರ್ತಿ ಉಬ್ಬುವವರೆಗೆ ಕಾದಳು. ಆಮೇಲೆ, ಯಾವ ಪಾಠದಲ್ಲೂ ಇಲ್ಲದ, ಮೇಷ್ಟ್ರು ಯಾರಿಗೂ ಕಲಿಸದ ಒಂದು ಕೆಲಸ ಮಾಡಿದಳು. ಮಾಸ್ಕನ್ನು ತನ್ನ ಕೆನ್ನೆಗೆ ಹಿಡಿದಳು. ಎಡಗೆನ್ನೆಗೆ. ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಭಾವನ ಮುಖಕ್ಕೆ ಇಟ್ಟಳು.

ಮೇಷ್ಟ್ರಿಗೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಹಾಲಿನ ವಾಸನೆ ಬಂದ ಹಾಗಾಯಿತು. ಅವಳು ಕೆಲಸ ಮುಗಿಸಿ ಎದ್ದು, ಕೈಕಟ್ಟಿ ನಿಂತಿದ್ದಳು. ಇಷ್ಟು ಜನರಲ್ಲಿ ಸರಿಯಾಗಿ ಮಾಡಿದವಳು ಇವಳೊಬ್ಬಳು. ಸಹಿ ಹಾಕಿ ಕಳಿಸಿಬಿಟ್ಟರೆ ಆಯಿತು. ಮೊದಲಿನಿಂದಲೂ ಇವಳು ಹೀಗೇ ಮಾಡುವವಳು ಎಂದು ನಂಬಿಕೊಳ್ಳಬಹುದು, ಅಕ್ಕನದು ಆಯಸ್ಸು ಎಂದುಕೊಳ್ಳಬಹುದು. ಆದರೂ ಕೇಳಿದರು.

"ಕೆನ್ನೆಗೆ ಹಿಡಿದು ನೋಡೋದು ಯಾರು ಹೇಳಿಕೊಟ್ರಮ್ಮ?"

ಹೊರಗೆ ಮೀಸೆ ಯಾರಿಗೋ ಕೀಟಲೆ ಮಾಡುತ್ತಿದ್ದ.

"ಯಾರೂ ಹೇಳಿಕೊಡಲಿಲ್ಲ ಮೇಷ್ಟ್ರೇ," ಎಂದಳು. "ಒಬ್ಬ ಅಮ್ಮ ಮಾಸ್ಕು ಕಿತ್ತು ಕಿತ್ತು ಹಾಕ್ತಿದ್ರು. ಕೊನೇಲಿ ನನ್ನ ಕೈಯಿಂದ ಅದನ್ನ ಕಸಿದುಕೊಂಡು ನನ್ನ ಕೆನ್ನೆಗೇ ಹಿಡಿದ್ರು. ಮಾತಾಡೋ ಶಕ್ತಿ ಇರಲಿಲ್ಲ ಅವರಿಗೆ. ಹೀಗೆ ಹಿಡಿದು, ನೋಡು ಅನ್ನೋ ಹಾಗೆ ನನ್ನ ಮುಖ ನೋಡಿದ್ರು. ಗಾಳಿ ಇರಲಿಲ್ಲ ಮೇಷ್ಟ್ರೇ. ಆಮೇಲೆ ತಿರುಗಿಸಿದೆ. ಆಮೇಲೆ ತಿರುಗಿಸಿ ಏನು ಬಂತು."

ಕಿಟಕಿಯ ಹೊರಗೆ ಒಂದು ಗಾಡಿ ಕೂಗುತ್ತ ಹೋಯಿತು.

"ಆ ಅಮ್ಮ ನಿಮಗೇನಾಗಬೇಕು ಅಂತ ಗೊತ್ತು," ಎಂದಳು. "ನನ್ನ ಲೈಸೆನ್ಸು ಬೇಡ ಅಂದ್ರೆ ಬೇಡ. ನಿಮ್ಮ ಕೈಯಿಂದಲೇ ಹೋಗಲಿ ಅಂತ ಕಾದೆ."

ಮೇಷ್ಟ್ರ ಮುಂದೆ ಅದು ಬಂದು ನಿಂತಿತು, ಬೆಳಿಗ್ಗೆ ರಸ್ತೆಯ ಮಧ್ಯದಲ್ಲಿ ಕಂಡ ಆ ಸೇಡಿನ ದಾರಿ. ಈಗ ಕೈ ಚಾಚಿದರೆ ಸಿಗುತ್ತಿತ್ತು. ಅವಳೇ ಕೊಡುತ್ತಿದ್ದಳು. ಅವರು ಕೇಳಿದರು, ಗಟ್ಟಿಯಾಗಿ ಕೇಳಲಾಗದೆ ಪಿಸುದನಿಯಲ್ಲಿ: "ಬಾಯಲ್ಲಿ ಹೇಳಿದ್ರೆ ಸಾಕು ಅಂತ ನಿನಗೆ ಕಲಿಸಿದವರು ಯಾರು?"

ಅವಳು ತಲೆ ತಗ್ಗಿಸಿದಳು. ಉತ್ತರ ಅವಳ ಬಾಯಲ್ಲಿತ್ತು. ಹೇಳಲಿಲ್ಲ. ಗುರುವಿನ ಮುಂದೆ ಅದನ್ನು ಹೇಳಬಾರದೆಂಬ ಮರ್ಯಾದೆಯಿಂದ ಅವಳು ಸುಮ್ಮನಿದ್ದಳು. ಬೈಗುಳಕ್ಕಿಂತ ಹೆಚ್ಚಾಗಿ ಅದು ಮೇಷ್ಟ್ರನ್ನು ತಾಗಿತು. ಕಲಿಸಿದ ಇಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಇಷ್ಟು ಕಾಪಾಡಿರಲಿಲ್ಲ, ಇಷ್ಟು ನಾಚಿಸಿಯೂ ಇರಲಿಲ್ಲ. ಅವರು ಎದ್ದರು. ಬಾಗಿಲು ತೆರೆದು, "ಎಲ್ಲರೂ ಒಳಗೆ ಬನ್ನಿ," ಎಂದರು. "ಇವತ್ತು ಇವಳೊಬ್ಬಳಿಗೆ ಸಹಿ. ಮಿಕ್ಕವರಿಗೆ ಇಲ್ಲ."

ಗಲಾಟೆಯಾಯಿತು. ಮೀಸೆ, "ಯಾಕೆ ಮೇಷ್ಟ್ರೇ? ನಾನೇನು ತಪ್ಪು ಮಾಡಿದೆ? ನೀವು ಹೇಳಿಕೊಟ್ಟ ಹಾಗೇ ಮಾಡಿದೆನಲ್ಲ?" ಎಂದ.

"ಹೌದು," ಎಂದರು ಮೇಷ್ಟ್ರು. "ನಾನು ಹೇಳಿಕೊಟ್ಟ ಹಾಗೇ ಮಾಡಿದ್ರಿ. ನಾನು ಹೇಳಿಕೊಟ್ಟದ್ದು ತಪ್ಪು. ಇವಳು ತೋರಿಸ್ತಾಳೆ. ಸರಿಯಾಗಿ ಮಾಡಿದವರಿಗೆ ಇವತ್ತೇ ಸಹಿ." ಆಮೇಲೆ ಅವಳಿಗೆ, "ಇನ್ನೊಂದು ಸಲ ಮಾಡಮ್ಮ. ನಿಧಾನವಾಗಿ ಮಾಡು. ಇವರಿಗೆ ಕಾಣಲಿ," ಎಂದು, ತಾವು ಹೋಗಿ ಕಲಿಯುವವರ ಬೆಂಚಿನ ಕೊನೆಯಲ್ಲಿ ಕೂತರು. ಯಾರೂ ನಗಲಿಲ್ಲ. ಅವಳು ಕೀಲಿ ಮುಚ್ಚಿ, ಕೊಳವೆಯ ಗಾಳಿ ಪೂರ್ತಿ ಬಿಟ್ಟು, ಮುಳ್ಳು ಬುಡಕ್ಕೆ ಬಂದದ್ದನ್ನು ತೋರಿಸಿ, ಮತ್ತೆ ತಿರುಗಿಸಿದಳು. ಕೆನ್ನೆಗೆ ಹಿಡಿದಳು. ಆಮೇಲೆ ಒಬ್ಬೊಬ್ಬರೂ ಬಂದು ತಿರುಗಿಸಿದರು. ಮೀಸೆ ಮಾಸ್ಕನ್ನು ಕೆನ್ನೆಗೆ ಹಿಡಿದಾಗ ಮೊದಲ ಸಲ ಮುಟ್ಟಿದವನಂತೆ ಬೆಚ್ಚಿದ. "ತಣ್ಣಗಿದೆ," ಎಂದ. ತಮಾಷೆಗೆ ಹೇಳಲಿಲ್ಲ. ಉಗ್ರಾಣದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ; ಗಾಳಿ ಪೋಲಾಗುತ್ತಿದೆ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ.

ಎಲ್ಲರದ್ದೂ ಆಗಿ, ಸಹಿಗಳಾಗಿ, ಕೋಣೆ ಖಾಲಿಯಾಯಿತು. ಅಕ್ಕನ ಮಗನಿಗೆ ಹೇಳಬೇಕು. ಇವತ್ತೇ ಹೇಳಬೇಕು, ಎದುರು ಕೂತು ಹೇಳಬೇಕು. ಫೋನಿನಲ್ಲಿ ಹೇಳಿದರೆ ಅದೂ ಬಾಯಿ ಚಿಲಕವೇ. ಅವನು ಏನೆಂದಾನು? ಮಾವ ಎಂದು ಇನ್ನೊಮ್ಮೆ ಕರೆಯುವನೋ ಇಲ್ಲವೋ. ಮೇಷ್ಟ್ರ ಹೆದರಿಕೆ ಹೋಗಿರಲಿಲ್ಲ. ಎದುರು ಬಂದು ಕೂತಿತ್ತು, ಅಷ್ಟೆ. ಇನ್ನು ಮುಂದೆ ಅದು ಎಲ್ಲಿಗೆ ಹೋದರೂ ಜೊತೆಯಲ್ಲಿ ಬರುವುದೆಂದು ಅವರಿಗೆ ತಿಳಿದಿತ್ತು. ಅವರು ಭಾವನ ಪಕ್ಕ ಮೆಲ್ಲಗೆ ಮಂಡಿಯೂರಿದರು. ಕೀಲಿ ತಿರುಗಿಸಿದರು. ಚೀಲ ಉಬ್ಬುವವರೆಗೆ ಕಾದು ಮಾಸ್ಕನ್ನು ಎಡಗೆನ್ನೆಗೆ ಹಿಡಿದರು. ತಣ್ಣನೆಯ ಗಾಳಿ, ಧಾರಾಳವಾದ ಗಾಳಿ, ಕೆನ್ನೆಯ ಸುಕ್ಕುಗಳ ಮೇಲೆ ಹರಿಯಿತು. ಇಷ್ಟು ದಿನ ಎಲ್ಲೋ ಸಿಕ್ಕಿಕೊಂಡಿದ್ದ ಅಳು ಆಗ ಬಂತು. ಕಣ್ಣು ಮುಚ್ಚಿದರು. ದೇವರೇ, ಎಂದರು. ಕೊನೆಯ ಉಸಿರಿನಲ್ಲಿಯೂ ನನ್ನಕ್ಕ ಪಾಠ ಹೇಳಿಕೊಟ್ಟಳು. ಇನ್ನು ಅವಳನ್ನು ದಣಿಸಬೇಡ. ಬೆನ್ನಿಗೆ ದಿಂಬು ಕೊಟ್ಟು ಕಿಟಕಿಯ ಹತ್ತಿರ ಕೂರಿಸು. ಗಾಳಿಗೆ ಕೊರತೆಯಿಲ್ಲದ ಕಡೆ, ಯಾರೂ ಅವಳ ಮೂಗಿಗೆ ಏನನ್ನೂ ಒತ್ತಿ ಹಿಡಿಯದ ಕಡೆ ಅವಳನ್ನು ಇಟ್ಟುಕೋ. ನಿನ್ನ ಮನೆಯ ಚಿಲಕವನ್ನು ನೀನೇ ಕೈಯಾರೆ ಹಾಕಿ ಅವಳಿಗೆ ತೋರಿಸು, ನೋಡದೆ ಅವಳು ನಿದ್ದೆ ಮಾಡುವುದಿಲ್ಲ. ಅವಳ ಜೀವ ಶಾಂತವಾಗಿರಲಿ.